ಕಾರ್ ಶೆಡ್ ದೊಡ್ಡದು ಮಾಡಬೇಕಾ? ಪತ್ರಾಸ್, ಬ್ಲಾಕ್ ಗೋಡೆ, ಸ್ಲ್ಯಾಬ್: ಯಾವುದು ಯಾರಿಗೆ

ಮನೆಗೆ ಹೊಂದಿಕೊಂಡ ಕಾರ್ ಶೆಡ್ ಸಾಲುತ್ತಿಲ್ಲ, ಸ್ವಲ್ಪ ಮುಂದಕ್ಕೆ ಎಳೆಯಬೇಕು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ಕೆಳಗೆ ಮಣ್ಣು ಯಾವುದು? ಬಹಳ ಜನ ಮೇಲಿನಿಂದ ಶುರು ಮಾಡುತ್ತಾರೆ. ಪತ್ರಾಸ್ (ತಗಡಿನ ಶೀಟು) ಹಾಕೋಣವೋ, ಸ್ಲ್ಯಾಬ್ ಹಾಕೋಣವೋ, ಬಣ್ಣ ನೀಲಿಯೋ ಹಸಿರೋ ಎನ್ನುವ ಮಾತೇ ಜಾಸ್ತಿ. ವಿಜಯಪುರ, ಬಾಗಲಕೋಟೆ ಕಡೆ ಇದು ತಲೆಕೆಳಗಾದ ಲೆಕ್ಕ. ಇಲ್ಲಿ ಏನು ಕಟ್ಟಬಹುದು, ಅದರಲ್ಲಿ ನಾವೇ ಎಷ್ಟು ಕೆಲಸ ಮಾಡಿಕೊಳ್ಳಬಹುದು ಎನ್ನುವುದನ್ನು ಎರೆಮಣ್ಣು ತೀರ್ಮಾನ ಮಾಡುತ್ತದೆ.

ಮನೆ ಕಟ್ಟುವಾಗ ಒಂದು ಸಣ್ಣ ಕಾರು, ಒಂದು ಬೈಕು ನಿಲ್ಲುವಷ್ಟು ಜಾಗ ಬಿಟ್ಟಿರುತ್ತೇವೆ. ಆಮೇಲೆ ಮಗಳ ಸ್ಕೂಟಿ ಬರುತ್ತದೆ. ಹೊಲದಿಂದ ಬಂದ ಜೋಳದ ಚೀಲಕ್ಕೂ ಅಲ್ಲೇ ಜಾಗ ಬೇಕು. ಸಣ್ಣ ಕಾರು ಮಾರಿ ದೊಡ್ಡದು ತಂದರಂತೂ ಶಟರ್ ಇಳಿಯುವುದೇ ಇಲ್ಲ. ಸ್ವಿಫ್ಟ್ ಉದ್ದ 3.86 ಮೀಟರ್, ಇನೋವಾ ಕ್ರಿಸ್ಟಾ 4.73 ಮೀಟರ್. ಹೆಚ್ಚು ಕಡಿಮೆ ಮೂರು ಅಡಿ ವ್ಯತ್ಯಾಸ. ಈ ಮೂರು ಅಡಿಗಾಗಿಯೇ ಎಷ್ಟೋ ಮನೆಗಳಲ್ಲಿ ಶೆಡ್ಡಿನ ಮಾತು ಏಳುತ್ತದೆ.

ಇರುವ ದಾರಿ ಮುಖ್ಯವಾಗಿ ಮೂರು. ಕಬ್ಬಿಣದ ಪೈಪಿನ ಚೌಕಟ್ಟಿನ ಮೇಲೆ ಪತ್ರಾಸ್. ಸುತ್ತ ಸಿಮೆಂಟ್ ಬ್ಲಾಕ್ ಗೋಡೆ ಕಟ್ಟಿ ಮೇಲೆ ಪತ್ರಾಸ್. ಕಾಲಂ ಎಬ್ಬಿಸಿ ಸ್ಲ್ಯಾಬ್. ಸಿಮೆಂಟ್ ಶೀಟು, ಶೇಡ್ ನೆಟ್ ಕೂಡ ಇವೆ. ಅವುಗಳ ಬಗ್ಗೆ ಮುಂದೆ ಒಂದೆರಡು ಮಾತು ಸಾಕು.

ಮೊದಲು ಒಂದು ಗುಂಡಿ ತೋಡಿ

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದೆ. ನಾಲ್ಕು ಒಳ್ಳೆ ಮಳೆ ಬಿದ್ದರೆ ಅದೇ ಬಿರುಕು ಗುರುತು ಸಿಗದಂತೆ ಮುಚ್ಚಿಕೊಳ್ಳುತ್ತದೆ. ಮನೆಯ ನಟ್ಟನಡುವೆ, ನೆಲದ ಅಡಿಯಲ್ಲಿ, ಮಣ್ಣಿನ ತೇವ ವರ್ಷವಿಡೀ ಬಹಳ ಬದಲಾಗುವುದಿಲ್ಲ. ಆಟವೆಲ್ಲ ನಡೆಯುವುದು ಅಂಚಿನಲ್ಲಿ. ನಾವು ಹೊಸದಾಗಿ ಎಳೆಯುವ ಎಂಟು–ಹತ್ತು ಅಡಿ ಶೆಡ್ ಪೂರ್ತಿ ಈ ಅಂಚಿನ ಮೇಲೆಯೇ ಕೂರುತ್ತದೆ. ಹಳೇ ಮನೆ ಗಟ್ಟಿಯಾಗಿ ನಿಂತಿದೆ, ಪಕ್ಕದಲ್ಲಿ ಅದೇ ಆಳ ತೆಗೆದರೆ ಶೆಡ್ಡೂ ನಿಲ್ಲುತ್ತದೆ ಎನ್ನುವ ನಂಬಿಕೆ ಇಲ್ಲೇ ಕೈ ಕೊಡುತ್ತದೆ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಗುದ್ದಲಿ, ಹಾರೆ ತೊಗೊಂಡು ಕಾಲಂ ಬರುವ ಮೂಲೆಯಲ್ಲಿ ಎರಡು ಅಡಿ ಚೌಕದ ಒಂದು ಗುಂಡಿ ತೋಡಿ. ನೀವೇ ಮಾಡಬಹುದಾದ ಕೆಲಸ, ರಜೆಯ ಒಂದು ದಿನ ಸಾಕು. ಕಪ್ಪು ಮಣ್ಣಿನ ಹೆಂಟೆ ಒಣಗಿದಾಗ ಕಲ್ಲಿನಂತೆ ಗಟ್ಟಿ ಇರುತ್ತದೆ. ಅದನ್ನೇ ನೀರಲ್ಲಿ ನಾದಿ ಅಂಗೈಯಲ್ಲಿ ಹೊಸೆದರೆ ದಾರದಂತೆ ಸಣ್ಣಗೆ ಎಳೆಯಾಗುತ್ತದೆ, ಬೆರಳಿಗೆ ಜಿಗಿಯಾಗಿ ಅಂಟುತ್ತದೆ. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಬಂದರೆ ಸಲಿಕೆಯ ಸದ್ದೇ ಬದಲಾಗುತ್ತದೆ, ಮಣ್ಣು ಹಳದಿ ಅಥವಾ ಬೂದು ಬಣ್ಣದ ಹರಳು ಹರಳಾಗಿ ಕಾಣುತ್ತದೆ. ಮೂರು ಅಡಿ ಒಳಗೆ ಗಟ್ಟಿ ಗರಸು ಸಿಕ್ಕರೆ ನೆಮ್ಮದಿ, ಮೂರು ದಾರಿಯೂ ತೆರೆದಿದೆ ಅಂದುಕೊಳ್ಳಿ. ಐದು ಅಡಿ ತೋಡಿದರೂ ಎರೆಮಣ್ಣೇ ಇದ್ದರೆ ಗೋಡೆ ಮತ್ತು ಸ್ಲ್ಯಾಬನ್ನು ಸ್ವಂತ ಧೈರ್ಯದ ಮೇಲೆ ಕೈಗೆತ್ತಿಕೊಳ್ಳಬೇಡಿ. ಅಂಥ ಜಾಗಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್ ಬುನಾದಿಯನ್ನು ರೂಪಿಸಿದೆ. ಅದನ್ನು ಇಂಜಿನಿಯರ್ ಲೆಕ್ಕ ಹಾಕಿಯೇ ಮಾಡಿಸಬೇಕು.

ಬೆಳಗಾವಿಯವರ ಕಥೆ ಬೇರೆ. ನಗರದ ಎಷ್ಟೋ ಬಡಾವಣೆಗಳಲ್ಲಿ, ಖಾನಾಪುರದ ಕಡೆ ಹೋದಂತೆ ಇನ್ನೂ ಜಾಸ್ತಿ, ಕೆಂಪು ಮಣ್ಣು, ಕೆಂಪು ಕಲ್ಲು. ಅದು ಹೀಗೆ ಆಟ ಆಡುವುದಿಲ್ಲ. ಆದರೆ ಬೈಲಹೊಂಗಲ, ಸವದತ್ತಿ, ಅಥಣಿ ಕಡೆ ಮತ್ತೆ ಎರೆಭೂಮಿ. ಒಂದೇ ಊರಲ್ಲಿ ಎರಡು ಓಣಿಗೆ ಎರಡು ಥರ ಮಣ್ಣು ಇರುತ್ತದೆ. ಪಕ್ಕದ ಮನೆಯವರ ಮಾತು ಕೇಳಿ, ಆದರೆ ಗುಂಡಿ ಮಾತ್ರ ನಿಮ್ಮ ಜಾಗದಲ್ಲೇ ತೋಡಿ.

ಭಾರದ ಲೆಕ್ಕ

ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಶೆಡ್ ತೊಗೊಳ್ಳೋಣ. ಅಂದರೆ 180 ಚದರ ಅಡಿ. ಮೇಲೆ ಐದು ಇಂಚಿನ ಸ್ಲ್ಯಾಬ್ ಹಾಕಿದರೆ ಸ್ಲ್ಯಾಬಿನದೇ ಭಾರ ಐದು ಟನ್ನು ದಾಟುತ್ತದೆ. ಬೀಮು, ಕಾಲಂ ಬೇರೆ. ಅದೇ ಜಾಗಕ್ಕೆ ಅರ್ಧ ಮಿ.ಮೀ. ದಪ್ಪದ ಬಣ್ಣದ ಪತ್ರಾಸ್ ಹಾಕಿದರೆ ಶೀಟಿನ ಭಾರ ನೂರು ಕೆ.ಜಿ. ಒಳಗೆ. ಪೈಪುಗಳನ್ನೂ ಸೇರಿಸಿದರೂ ಎರಡೂ ಒಂದಕ್ಕೊಂದು ಸಮ ಅಲ್ಲವೇ ಅಲ್ಲ.

ಬ್ಲಾಕ್ ಗೋಡೆಯ ಭಾರವೂ ಕಡಿಮೆ ಏನಲ್ಲ. ಆರು ಇಂಚಿನ ಗಟ್ಟಿ ಸಿಮೆಂಟ್ ಬ್ಲಾಕ್ ಒಂದೊಂದು 25 ಕೆ.ಜಿ. ಮೇಲೆಯೇ ತೂಗುತ್ತದೆ. ಹದಿನೆಂಟು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಒಂದು ಗೋಡೆಗೆ ಸುಮಾರು 180 ಬ್ಲಾಕ್ ಬೇಕು. ಅಂದರೆ ಒಂದೇ ಗೋಡೆ ನಾಲ್ಕೂವರೆ ಟನ್ನಿನ ಮೇಲೆ. ಎತ್ತರವನ್ನು ನಾಲ್ಕು ಅಡಿಗೆ ನಿಲ್ಲಿಸಿ ಮೇಲೆ ಜಾಳಿಗೆ ಹಾಕಿದರೆ ಅರ್ಧಕ್ಕಿಂತ ಕಡಿಮೆ. ಎರೆಮಣ್ಣಿನ ಮೇಲೆ ಗೋಡೆ ಬೇಕೇ ಬೇಕು ಅನ್ನುವವರಿಗೆ ನಾನು ಹೇಳುವುದು ಈ ನಾಲ್ಕು ಅಡಿ ಗೋಡೆಯನ್ನೇ. ಗಾಳಿಯೂ ಆಡುತ್ತದೆ.

ಪೈಪು ಮತ್ತು ಪತ್ರಾಸ್: ಬಹುಪಾಲು ಮನೆಗೆ ಇದೇ ಸರಿ

ಸ್ವಂತ ಕೈಯಿಂದ ಜಾಸ್ತಿ ಕೆಲಸ ಮಾಡಿಕೊಳ್ಳಲು ಆಗುವುದು ಇದರಲ್ಲೇ. ಅಳತೆ, ಗುಂಡಿ, ಕಾಂಕ್ರೀಟ್, ಬಣ್ಣ, ಶೀಟು ಹಾಕುವುದು, ನೆಲ ಎಲ್ಲವನ್ನೂ ಮನೆಯ ಇಬ್ಬರು ಮೂವರು ಸೇರಿ ಮಾಡಬಹುದು. ವೆಲ್ಡಿಂಗ್ ಮಾತ್ರ ಕಲಿತವರಿಗೇ ಬಿಡಿ.

ಕಾಲಂಗೆ ಮೂರು ಇಂಚಿನ ಆಸುಪಾಸಿನ ಚೌಕ ಪೈಪ್, ಮೇಲಿನ ಅಡ್ಡಪಟ್ಟಿಗೆ ಎರಡು ಇಂಚಿನದು ಸಾಮಾನ್ಯವಾಗಿ ಹಾಕುತ್ತಾರೆ. ವೆಲ್ಡರ್ ಹತ್ತಿರ ದರ ಮಾತಾಡುವಾಗ ಚದರ ಅಡಿ ಲೆಕ್ಕದಲ್ಲಿ ಒಪ್ಪಿಕೊಂಡರೆ ಪೈಪು ತೆಳುವಾಗುವ ಸಾಧ್ಯತೆ ಇರುತ್ತದೆ. ಕೆ.ಜಿ. ಲೆಕ್ಕದಲ್ಲಿ ಮಾತಾಡಿ, ದಪ್ಪ ಎಷ್ಟು ಮಿ.ಮೀ. ಎಂದು ಚೀಟಿಯಲ್ಲಿ ಬರೆಸಿ, ಮಾಲು ಬಂದಾಗ ತೂಕ ಮಾಡಿಸಿ. ಎರಡು ಇಂಚಿನ ಚೌಕ ಪೈಪ್ 2 ಮಿ.ಮೀ. ದಪ್ಪದ್ದಾದರೆ ಇಪ್ಪತ್ತು ಅಡಿಯ ಒಂದು ಪೈಪ್ ಸುಮಾರು 18 ಕೆ.ಜಿ. ತೂಗಬೇಕು. 72 ಮಿ.ಮೀ. ಚೌಕ, 3.2 ಮಿ.ಮೀ. ದಪ್ಪದ್ದು 40 ಕೆ.ಜಿ. ಹತ್ತಿರ. ಇಷ್ಟು ಗೊತ್ತಿದ್ದರೆ ಯಾರೂ ನಿಮಗೆ ತೆಳು ಮಾಲು ದಾಟಿಸಲಾರರು.

ಇನ್ನು ಗಾಳಿ. ಏಪ್ರಿಲ್, ಮೇ ತಿಂಗಳ ಸಂಜೆ ಬಿರುಗಾಳಿ ಎದ್ದರೆ ನಮ್ಮ ಜಿಲ್ಲೆಗಳಲ್ಲಿ ಪತ್ರಾಸ್ ಹಾರಿದ ಸುದ್ದಿ ಇಲ್ಲದ ವರ್ಷವೇ ಇಲ್ಲ. ಹಾರಬಾರದು ಅಂತ ಶೀಟಿನ ಮೇಲೆ ಕಲ್ಲು ಹೇರುವ ರೂಢಿ ಇದೆ. ದಯವಿಟ್ಟು ಬೇಡ. ಶೀಟು ಎದ್ದಾಗ ಆ ಕಲ್ಲು ಹಾರಿ ಬೀಳುವುದು ಮಕ್ಕಳ ತಲೆಯ ಮೇಲೆ. ಭಾರ ಇರಬೇಕಾದದ್ದು ನೆಲದ ಒಳಗೆ. ಎರಡು ಅಡಿ ಚೌಕ, ಮೂರು ಅಡಿ ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ ಒಂದೊಂದು ಗುಂಡಿಯಲ್ಲಿ 800 ಕೆ.ಜಿ. ಭಾರ ಕೂರುತ್ತದೆ. ನಾಲ್ಕು ಕಾಲಂಗೆ ಮೂರು ಟನ್ನಿನ ಮೇಲಾಯಿತು. ಅದಕ್ಕೆ ನಾಲ್ಕು ಬೋಲ್ಟಿನ ಪ್ಲೇಟು, ಪ್ಲೇಟಿನ ಮೇಲೆ ಕಾಲಂ. ಕಾಲಂ ಕೂರುವ ಕಾಂಕ್ರೀಟ್ ಕಟ್ಟೆ ನೆಲಕ್ಕಿಂತ ಆರು ಇಂಚು ಮೇಲೆ ಬರಲಿ. ಕಾರು ತೊಳೆದ ನೀರು ಪೈಪಿನ ಬುಡದಲ್ಲಿ ನಿಂತರೆ ಪೈಪು ತುಕ್ಕು ಹಿಡಿಯುವುದು ಅಲ್ಲಿಂದಲೇ. ಬಣ್ಣದ ಒಳಗೇ ಉಬ್ಬಿ, ಕೊನೆಗೆ ಬೆರಳಿಂದ ಒತ್ತಿದರೆ ಪದರ ಪದರವಾಗಿ ಉದುರುತ್ತದೆ.

ಎರೆಮಣ್ಣಿದ್ದರೆ ಗುಂಡಿ ಗರಸು ಸಿಗುವವರೆಗೆ ಹೋಗಬೇಕು. ಕಾಂಕ್ರೀಟಿನ ಸುತ್ತ ಉಳಿಯುವ ಸಂದಿಗೆ ಅದೇ ಕಪ್ಪು ಮಣ್ಣು ತುಂಬಬೇಡಿ, ಗರಸು ಅಥವಾ ಉಸುಕು ತುಂಬಿ. ಮಣ್ಣು ಉಬ್ಬಿದಾಗ ಕಾಲಂ ಅನ್ನು ಹಿಡಿದು ಮೇಲೆತ್ತುವುದು ಇದರಿಂದ ಕಡಿಮೆಯಾಗುತ್ತದೆ.

ಶೀಟು ಹಾಕುವಾಗ ಗಾಳಿ ಬರುವ ದಿಕ್ಕಿಗೆ ಎದುರಿನ ತುದಿಯಿಂದ ಶುರು ಮಾಡಿ. ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದ ಕಡೆಯಿಂದ ಬರುತ್ತದೆ. ಹಾಗಾಗಿ ಮೂಡಣ ತುದಿಯಿಂದ ಹಾಕುತ್ತಾ ಬಂದರೆ ಒಂದರ ಮೇಲೊಂದು ಕೂತ ಅಂಚಿನೊಳಗೆ ಗಾಳಿ, ನೀರು ನುಗ್ಗುವುದಿಲ್ಲ. ಪಕ್ಕದಲ್ಲಿ ಒಂದೂವರೆ ಅಲೆಯಷ್ಟು, ಉದ್ದಕ್ಕೆ ಆರು ಇಂಚು ಒಂದರ ಮೇಲೊಂದು ಬರಲಿ. ಸ್ಕ್ರೂ ಅಲೆಯ ತಲೆಯ ಮೇಲೆ ಇರಲಿ, ತಗ್ಗಿನಲ್ಲಿ ಬೇಡ, ನೀರು ಹರಿಯುವುದು ತಗ್ಗಿನಲ್ಲೇ ಅಲ್ವಾ. ರಬ್ಬರ್ ವಾಶರ್ ಶೀಟಿಗೆ ಅಂಟಿ ಕೂತರೆ ಸಾಕು. ಹಿಂಡಿ ಹೊರಗೆ ಬರುವಷ್ಟು ಬಿಗಿದರೆ ಬಿಸಿಲಿಗೆ ಬೇಗ ಸೀಳುತ್ತದೆ. ಅಡ್ಡಪಟ್ಟಿಯ ಮೇಲಷ್ಟೇ ಕಾಲಿಡಿ, ನಡುವೆ ತುಳಿಯಬೇಡಿ. ಕೆಳಗೆ ಒಬ್ಬರು ನಿಂತಿರಲಿ, ಗಾಳಿ ಇರುವ ದಿನ ಏಣಿ ಹತ್ತಲೇಬೇಡಿ.

ಇಳಿಜಾರು ವಿಜಯಪುರದಲ್ಲಿ ಹತ್ತು ಅಡಿಗೆ ಒಂದು ಅಡಿ ಸಾಕು. ಅಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಬೆಳಗಾವಿ ನಗರದಲ್ಲಿ ಅದರ ಎರಡು ಪಟ್ಟು, ಅದೂ ಜುಲೈಯಲ್ಲಿ ದಿನಗಟ್ಟಲೆ ಬಿಡದ ಜಿಟಿಜಿಟಿ. ಅಲ್ಲಿ ಒಂದೂವರೆಯಿಂದ ಎರಡು ಅಡಿ ಕೊಡಿ. ಇಲ್ಲಿ ಬಹಳ ಮನೆಗಳು ಸಿಕ್ಕಿಬೀಳುವುದು ಛಜ್ಜಾದ ಹತ್ತಿರ. ಕಿಟಕಿ ಮೇಲಿನ ಛಜ್ಜಾ ಏಳು ಅಡಿಗೆ ಇರುತ್ತದೆ. ಶೀಟಿನ ಮೇಲ್ತುದಿಯನ್ನು ಅದರ ಕೆಳಗೆ ತೂರಿಸಿದರೆ ಆ ಕಡೆಯ ತುದಿ ಆರು ಅಡಿಗೆ ಇಳಿಯುತ್ತದೆ. ಎತ್ತರದ ಕಾರಿನ ಮೇಲೆ ಲಗೇಜ್ ಕ್ಯಾರಿಯರ್ ಇದ್ದರೆ ಮುಗಿಯಿತು. ಛಜ್ಜಾ ದಾಟಿ ಮೇಲೆ, ಹತ್ತು ಅಡಿಯ ಆಸುಪಾಸು ಗೋಡೆಯ ಕಡೆಯ ತುದಿ ಬರಲಿ.

ಪತ್ರಾಸಿನ ದೊಡ್ಡ ಕೊರತೆ ಬಿಸಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಕೆಳಗೆ ನಿಲ್ಲಲು ಆಗುವುದಿಲ್ಲ. ಬಿಳಿ ಅಥವಾ ತಿಳಿ ಬಣ್ಣದ ಶೀಟು ಆರಿಸಿ, ಗಾಢ ನೀಲಿ ಬೇಡ. ಗೋಡೆ ಇದ್ದರೂ ಶೀಟಿನ ಕೆಳಗೆ ಒಂದು ಅಡಿ ಸಂದಿ ಬಿಟ್ಟು ಜಾಳಿಗೆ ಹಾಕಿ, ಬಿಸಿ ಗಾಳಿ ಹೊರಗೆ ಹೋಗಲಿ. ನಡುವೆ ಫೋಮ್ ಇರುವ ದಪ್ಪ ಪ್ಯಾನೆಲ್ ಶೀಟುಗಳು ತಂಪು ಇಡುತ್ತವೆ. ದುಬಾರಿ ನಿಜ, ಆದರೆ ಶೆಡ್ಡಿನ ಪಕ್ಕದಲ್ಲೇ ಅಪ್ಪ–ಅಮ್ಮ ಮಲಗುವ ಕೋಣೆ ಇದ್ದರೆ ನಾನು ಆ ಖರ್ಚಿಗೆ ಹಿಂದೆಮುಂದೆ ನೋಡುವುದಿಲ್ಲ. ಬೆಳಕಿಗೆಂದು ಪೂರ್ತಿ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಕಿದರೆ ಬಿಸಿ ಇನ್ನೂ ಜಾಸ್ತಿ. ನಡುವೆ ಒಂದೇ ಶೀಟು ಸಾಕು.

ಬ್ಲಾಕ್ ಗೋಡೆ ಯಾರಿಗೆ

ಬೆಳಗಾವಿಯ ಕೆಂಪು ಮಣ್ಣಿನವರಿಗೆ, ಮಳೆ ಇರುಚಲು ತಡೆಯಬೇಕಾದವರಿಗೆ, ಶೆಡ್ಡಿನಲ್ಲಿ ಸಾಮಾನು ಇಟ್ಟು ಬೀಗ ಹಾಕಬೇಕಾದವರಿಗೆ ಇದು ಒಳ್ಳೆಯದು. ಗೋಡೆ ಕಟ್ಟುವುದನ್ನು ಕಲಿಯಬಹುದು. ದಾರ ಕಟ್ಟಿ, ತೂಗುಗುಂಡು ಬಿಟ್ಟು, ನಿಧಾನವಾಗಿ ಮಾಡಿದರೆ ನಾಲ್ಕು ಅಡಿ ಗೋಡೆ ಯಾರಿಗೂ ಕಷ್ಟವಲ್ಲ. ಎತ್ತರ ಹೋದರೆ ಗೌಂಡಿಯನ್ನು ಕರೆಯಿರಿ. ಭಾರ ಎತ್ತಲು ಆಗದವರಿಗೆ ಎಎಸಿ ಬ್ಲಾಕ್ (ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕ್) ಇವೆ, ಅದೇ ಜಾಗ ತುಂಬುವ ಗಟ್ಟಿ ಬ್ಲಾಕಿನ ಮೂರನೇ ಒಂದು ಭಾಗದ ಆಸುಪಾಸು ತೂಕ. ಆದರೆ ಅವು ನೀರು ಹೀರುತ್ತವೆ. ಬೆಳಗಾವಿ ಮಳೆಗೆ ಹೊರಗಡೆ ಪ್ಲಾಸ್ಟರ್ ಮಾಡದೆ ಬಿಡಬಾರದು.

ನಾಲ್ಕು ಇಂಚಿನ ಗೋಡೆಯನ್ನು ಉದ್ದಕ್ಕೆ ಸುಮ್ನೆ ಎಬ್ಬಿಸಿಕೊಂಡು ಹೋಗುವುದು ಅಪಾಯ. ಎಂಟು–ಹತ್ತು ಅಡಿಗೊಂದು ಕಂಬ ಬೇಕು, ಬುನಾದಿಯ ಮೇಲೊಂದು, ಗೋಡೆಯ ತಲೆಯ ಮೇಲೊಂದು ಕಾಂಕ್ರೀಟ್ ಪಟ್ಟಿ ಬೇಕು. 2021ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ಸಣ್ಣ ಸಣ್ಣ ಭೂಕಂಪನ ಮೇಲಿಂದ ಮೇಲೆ ಆದಾಗ ಜನ ರಾತ್ರಿ ಹೊರಗೆ ಓಡಿ ಬಂದದ್ದು ನೆನಪಿದೆ. ಆಗ ಮೊದಲು ಭಯ ಹುಟ್ಟಿಸುವುದು ಇಂಥ ತೆಳು ಗೋಡೆಗಳೇ.

ಸ್ಲ್ಯಾಬ್

ಮುಂದೆ ಮೇಲೊಂದು ಕೋಣೆ ಕಟ್ಟುವ ಆಲೋಚನೆ ನಿಜವಾಗಿಯೂ ಇದ್ದರೆ ಮಾತ್ರ ಸ್ಲ್ಯಾಬ್. ಮಾಳಿಗೆ ಸಿಗುತ್ತದೆ, ಸಂಡಿಗೆ, ಶ್ಯಾವಿಗೆ, ಮೆಣಸಿನಕಾಯಿ ಒಣಹಾಕಲು ಜಾಗ ಆಗುತ್ತದೆ, ಗಾಳಿಯ ಭಯ ಇಲ್ಲ. ಆದರೆ ಇದು ಸ್ವಂತ ಕೈಯಿಂದ ಮಾಡುವ ಕೆಲಸ ಅಲ್ಲ. ಕಬ್ಬಿಣ ಎಷ್ಟು, ಎಲ್ಲಿ ಎನ್ನುವುದು ಇಂಜಿನಿಯರ್ ನಕ್ಷೆಯಿಂದಲೇ ಬರಬೇಕು. ನೀವು ಮಾಡಬಹುದಾದದ್ದು ನೀರು ಹಾಕಿ ಹದ ಮಾಡುವುದು. ಬಿಸಿ, ಒಣ ಹವೆಯಲ್ಲಿ ಕನಿಷ್ಠ 10 ದಿನ ಬಿಡದೆ ತೇವ ಇರಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರ ಇರುವ ಬಡಾವಣೆಗಳಲ್ಲಿ ಇದನ್ನು ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಬೇಡಿ. ಚಳಿಗಾಲ ಒಳ್ಳೆಯದು.

ಹಳೇ ಸ್ಲ್ಯಾಬಿನ ಅಂಚು ಒಡೆದು, ಕಬ್ಬಿಣ ಹೊರಗೆ ತೆಗೆದು ಹೊಸದಕ್ಕೆ ಕಟ್ಟೋಣ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಮನೆಯ ಭಾರ ಹೊತ್ತ ಅಂಚನ್ನು ಒಡೆಯುವುದು ಆಟವಲ್ಲ. ಶೆಡ್ ಅಗಲ ಮಾಡಲು ಒಳಗಿನ ಗೋಡೆ ತೆಗೆಯುವುದಕ್ಕೂ ಇದೇ ಮಾತು. ಹಳೇ ಕಲ್ಲಿನ ಮನೆ, ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆಯೇ ಮಾಳಿಗೆಯನ್ನು ಹೊತ್ತಿರುತ್ತದೆ.

ಸಿಮೆಂಟ್ ಶೀಟು ಅಗ್ಗ, ಪತ್ರಾಸಿಗಿಂತ ಬಿಸಿ ಸ್ವಲ್ಪ ಕಡಿಮೆ. ಆದರೆ ಕಲ್ನಾರು (ಆಸ್ಬೆಸ್ಟಾಸ್) ಇರುವ ಶೀಟನ್ನು ಕೊಯ್ದರೆ, ತೂತು ಹಾಕಿದರೆ ಏಳುವ ದೂಳು ಶ್ವಾಸಕೋಶಕ್ಕೆ ಕೇಡು. ಸ್ವಂತ ಕೈಯಿಂದ ಕೆಲಸ ಮಾಡುವವರು ಅದನ್ನು ಬಿಟ್ಟುಬಿಡಿ. ಶೇಡ್ ನೆಟ್ ತಾತ್ಕಾಲಿಕಕ್ಕೆ ಚೆನ್ನ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ ಮಾಡುವವರ ಹತ್ತಿರ ಪೈಪು, ನೆಟ್ ಬಿಗಿಯುವ ಕೈಚಳಕ ಇದೆ, ಅವರನ್ನು ಕೇಳಿದರೆ ಒಂದೇ ದಿನದ ಕೆಲಸ. ಬಿಸಿಲು ತಡೆಯುತ್ತದೆ, ಮಳೆ ತಡೆಯುವುದಿಲ್ಲ.

ಹಳೇ ಗೋಡೆಗೆ ಹೊಸದನ್ನು ಕಟ್ಟಬೇಡಿ

ಯಾವುದನ್ನೇ ಆರಿಸಿದರೂ ಈ ಒಂದು ಮಾತು ಬಿಡಬೇಡಿ. ಹಳೇ ಮನೆ ಕೂರುವಷ್ಟು ಕೂತಾಗಿದೆ. ಹೊಸದು ಇನ್ನು ಕೂರಬೇಕು. ಹಳೇ ಗೋಡೆಯೊಳಗೆ ಹೊಸ ಗೋಡೆಯ ಬ್ಲಾಕ್ ಕಚ್ಚಿಸಿ ಎರಡನ್ನೂ ಬೆಸೆದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೆ ಬೆಸೆದ ಗೋಡೆಯಲ್ಲಿ ಬೇಸಿಗೆಗೆ ಬಿಟ್ಟ ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಹಾಲ್ ಒಳಗೆ ಬಂದಿದೆ. ಪ್ರತಿ ವರ್ಷ ಸಿಮೆಂಟ್ ತುಂಬುತ್ತಾರೆ, ಪ್ರತಿ ವರ್ಷ ಮತ್ತೆ ಬಿಡುತ್ತದೆ.

ಹೊಸ ಶೆಡ್ ತನ್ನ ಕಾಲಂ ಮೇಲೆ ತಾನೇ ನಿಲ್ಲಲಿ. ಮನೆಯ ಕಡೆಯೂ ಎರಡು ಕಾಲಂ ಜಾಸ್ತಿ ಆಗುತ್ತವೆ, ಆಗಲಿ. ನಡುವೆ ಒಂದು ಇಂಚು ಸಂದಿ ಬಿಡಿ. ಮಳೆನೀರು ಇಳಿಯದಂತೆ ಮನೆಯ ಗೋಡೆಯ ಪ್ಲಾಸ್ಟರಿನಲ್ಲಿ ಗೀರು ಕೊರೆದು, ಮಡಿಚಿದ ತಗಡಿನ ಪಟ್ಟಿ ಸಿಕ್ಕಿಸಿ, ಸೀಲಂಟ್ ಹಚ್ಚಿ. ಪಟ್ಟಿ ಗೋಡೆಗೆ ಮಾತ್ರ ಅಂಟಿರಲಿ, ಶೀಟಿನ ಮೇಲೆ ಸುಮ್ನೆ ಹೊದ್ದುಕೊಂಡಿರಲಿ. ಮನೆ, ಶೆಡ್ ತಮ್ಮ ತಮ್ಮ ಪಾಡಿಗೆ ಅಲುಗಾಡಿದರೂ ನೀರು ಒಳಗೆ ಬರುವುದಿಲ್ಲ.

ನೆಲಕ್ಕೂ ಇದೇ ನಿಯಮ. ಮೇಲಿನ ಒಂದೂವರೆ–ಎರಡು ಅಡಿ ಎರೆಮಣ್ಣು ತೆಗೆದು ಗರಸು ತುಂಬಿ, ಆರಾರು ಇಂಚಿಗೆ ನೀರು ಹಾಕಿ ದಿಮ್ಮಸು ಬಡಿಯಿರಿ. ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಅಥವಾ ಪೇವರ್ ಬ್ಲಾಕ್. ನನ್ನ ಒಲವು ಪೇವರ್ ಕಡೆ. ನೆಲ ಸ್ವಲ್ಪ ಎದ್ದರೆ ನಾಲ್ಕು ಬ್ಲಾಕ್ ಕಿತ್ತು, ಉಸುಕು ಸಮ ಮಾಡಿ, ಮತ್ತೆ ಕೂರಿಸಬಹುದು. ಶಹಾಬಾದ್ ಪರ್ಸಿ (ಚಪ್ಪಟೆ ಹಾಸುಗಲ್ಲು) ನೋಡಲು ಚೆಂದ, ಆದರೆ ಕೆಳಗೆ ಟೊಳ್ಳು ಉಳಿದರೆ ಕಾರಿನ ಗಾಲಿಗೆ ಒಡೆಯುತ್ತದೆ. ನೆಲ ಮನೆಯ ನೆಲಕ್ಕಿಂತ ಆರು ಇಂಚು ಕೆಳಗಿರಲಿ, ಗೇಟಿನ ಕಡೆ ಎರಡು ಇಂಚು ಇಳಿಜಾರು ಇರಲಿ.

ಕೆಲಸಕ್ಕೆ ಮೊದಲು ಮಹಾನಗರ ಪಾಲಿಕೆ ಅಥವಾ ನಗರಸಭೆಯಲ್ಲಿ, ನವನಗರದವರಾದರೆ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದಲ್ಲಿ, ಮನೆಯ ಮಂಜೂರಾದ ನಕ್ಷೆ ತೋರಿಸಿ ಕೇಳಿ. ಶೆಡ್ ಬರುವುದು ಹೆಚ್ಚಾಗಿ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲೇ. ಗೋಡೆ ಕಟ್ಟಿದ ಮೇಲೆ ಒಡೆಯಿರಿ ಅನಿಸಿಕೊಳ್ಳುವುದಕ್ಕಿಂತ ಮೊದಲೇ ಕೇಳುವುದು ಅಗ್ಗ. ಶೀಟಿನ ನೀರು ಪಕ್ಕದವರ ಜಾಗಕ್ಕೆ ಬೀಳದಂತೆ ಇಳಿಜಾರು ನಿಮ್ಮ ಕಡೆಗೇ ತಿರುಗಿಸಿ, ತುದಿಗೆ ಮಳೆನೀರು ಹರಿದುಹೋಗುವ ಪನ್ನಾಳ ಹಾಕಿ.

ವೈರಿಂಗ್ ಕೆಲಸ ಲೈಸೆನ್ಸ್ ಇರುವವರಿಗೇ ಕೊಡಿ. ವಿದ್ಯುತ್ ಸ್ಕೂಟರಿಗೆ ಸಾಮಾನ್ಯವಾಗಿ 15 ಆಂಪಿಯರ್ ಪಾಯಿಂಟ್ ಸಾಕು. ಮುಂದೆ ವಿದ್ಯುತ್ ಕಾರು ಬರುವ ಅಂದಾಜಿದ್ದರೆ 7.2 ಕಿಲೋವಾಟ್ ಚಾರ್ಜರಿಗೆ 32 ಆಂಪಿಯರ್ ಪ್ರತ್ಯೇಕ ಲೈನ್ ಬೇಕು, ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಬೇಕಾಗಬಹುದು. ನೆಲ ಹಾಕುವ ಮೊದಲೇ ಅದಕ್ಕೊಂದು ಖಾಲಿ ಪೈಪು ಹೂತುಬಿಡಿ. ಶೆಡ್ಡಿನಿಂದ ಮನೆಯೊಳಗೆ ಬರುವ ಬಾಗಿಲು ಬಿಗಿಯಾಗಿ, ತಾನಾಗಿಯೇ ಮುಚ್ಚುವಂತೆ ಇರಲಿ. ಗಾಡಿಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿಗೆ ಶಟರ್ ಹಾಕಿಕೊಂಡು ಇಂಜಿನ್ ಚಾಲೂ ಇಡುವ ಅಭ್ಯಾಸ ಯಾರಿಗಾದರೂ ಇದ್ದರೆ ಶೆಡ್ ಕಟ್ಟುವ ಮೊದಲೇ ಅದನ್ನು ಬಿಡಿಸಿ.